ಈ ಹರಳು ನಿಲ್ಲುತ್ತಾ? ಪೆರೋವ್‌ಸ್ಕೈಟ್ ಸೋಲಾರ್ ಮತ್ತು ಮೊದಲೇ ಹೇಳುವ ಲೆಕ್ಕ

(ಮೈಸೂರಿನಲ್ಲಿ ವಿಜ್ಞಾನಾಸಕ್ತರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿಕೊಂಡಿದೆ.)

ನನ್ನ ಕೈಯಲ್ಲಿರುವ ಈ ಎರಡು ಗಾಜಿನ ತುಂಡು ನೋಡಿ. ಸೀಲ್ ಮಾಡಿದ ಡಬ್ಬಿಯಲ್ಲಿವೆ. ಒಳಗೆ ಲೆಡ್ ಇದೆ, ಅಂದರೆ ನಮ್ಮ ಸೀಸ. ಹಾಗಾಗಿ ಕೈಗೆ ಕೊಡುವುದಿಲ್ಲ, ದೂರದಿಂದಲೇ ನೋಡಿ. ಎರಡೂ ಹಳದಿ. ಹಿಂದಿನ ಸಾಲಿನವರಿಗೆ ಎರಡೂ ಒಂದೇ ಥರ ಕಾಣುತ್ತಿರಬಹುದು. ಮೊದಲು ಎರಡೂ ಕಪ್ಪಗಿದ್ದವು. ಕಪ್ಪಗಿದ್ದಾಗ ಬಿಸಿಲು ಹೀರಿ ಕರೆಂಟ್ ಕೊಡುವ ಯೋಗ್ಯತೆ ಇತ್ತು. ಈಗ ಇಲ್ಲ.

ಆದರೆ ಈ ಎರಡು ಹಳದಿ ಒಂದೇ ಅಲ್ಲ. ಎಡಗೈಯಲ್ಲಿರುವುದು ಫಾರ್ಮಮಿಡಿನಿಯಂ ಲೆಡ್ ಅಯೊಡೈಡ್. ಇದನ್ನು ಹಾಟ್ ಪ್ಲೇಟ್ ಮೇಲಿಟ್ಟು 150 ಡಿಗ್ರಿ ಆಸುಪಾಸು ಬಿಸಿ ಮಾಡಿದರೆ ಮತ್ತೆ ಕಪ್ಪಾಗುತ್ತದೆ. ಇದರೊಳಗಿಂದ ಏನೂ ಕಳೆದುಹೋಗಿಲ್ಲ. ಎಲ್ಲ ಪರಮಾಣುಗಳೂ ಅಲ್ಲೇ ಇವೆ, ಕೂತಿರುವ ರೀತಿ ಮಾತ್ರ ಬದಲಾಗಿದೆ. ಬಲಗೈಯಲ್ಲಿರುವುದು ಮೀಥೈಲ್ ಅಮೋನಿಯಂ ಲೆಡ್ ಅಯೊಡೈಡ್ ಆಗಿತ್ತು. ಈಗ ಉಳಿದಿರುವುದು ಬರೀ ಲೆಡ್ ಅಯೊಡೈಡ್. ಮಿಕ್ಕಿದ್ದು ಗಾಳಿಗೆ ಹೋಯಿತು. ಇದನ್ನು ಎಷ್ಟು ಕಾಯಿಸಿದರೂ ಕಪ್ಪು ವಾಪಸ್ ಬರುವುದಿಲ್ಲ.

ಒಂದು ಹರಳಿನ ಕಟ್ಟಡ ಬದಲಾಯಿತು. ಇನ್ನೊಂದು ಒಡೆದೇ ಹೋಯಿತು. ಎರಡಕ್ಕೂ ನಾವು ‘ಅಸ್ಥಿರ’ ಅಂತ ಒಂದೇ ಹೆಸರು ಕೊಡುತ್ತೇವೆ. ಆದ್ದರಿಂದ ಯಾರಾದರೂ ನಿಮ್ಮ ಮುಂದೆ ಬಂದು ‘ನಮ್ಮ ಪೆರೋವ್‌ಸ್ಕೈಟ್ ತುಂಬಾ ಸ್ಥಿರವಾಗಿದೆ’ ಅಂದರೆ, ಯಾವುದರ ಎದುರು ಅಂತ ಕೇಳಿ. ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇರುತ್ತದೆ.

ಪೆರೋವ್‌ಸ್ಕೈಟ್ ಮೂಲತಃ ಒಂದು ಖನಿಜದ ಹೆಸರು. ಕ್ಯಾಲ್ಸಿಯಂ, ಟೈಟಾನಿಯಂ, ಆಮ್ಲಜನಕ ಸೇರಿದ ಕಲ್ಲು. 1839ರಲ್ಲಿ ಗುಸ್ತಾವ್ ರೋಸ್ ಎಂಬ ಜರ್ಮನ್ ವಿಜ್ಞಾನಿ ರಷ್ಯಾದ ಉರಲ್ ಬೆಟ್ಟಗಳಿಂದ ಬಂದ ಮಾದರಿಯಲ್ಲಿ ಇದನ್ನು ಗುರುತಿಸಿದರು. ಲೆವ್ ಪೆರೋವ್‌ಸ್ಕಿ ಎಂಬ ರಷ್ಯನ್ ಅಧಿಕಾರಿಯ ಹೆಸರಿಟ್ಟರು. ಆಮೇಲೆ ಅದೇ ಜೋಡಣೆಯ ಹರಳುಗಳಿಗೆಲ್ಲ ಆ ಹೆಸರೇ ಅಂಟಿಕೊಂಡಿತು. ನಮ್ಮ ಕಾಲ ಕೆಳಗೆ, ನೂರಾರು ಕಿಲೋಮೀಟರ್ ಆಳದಲ್ಲಿ, ಭೂಮಿಯಲ್ಲಿ ಅತಿ ಹೆಚ್ಚು ಇರುವ ಖನಿಜ ಬ್ರಿಜ್‌ಮನೈಟ್ ಕೂಡ ಇದೇ ಜೋಡಣೆಯದು. ನಮ್ಮ ಸಿ.ಎನ್.ಆರ್. ರಾವ್ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದು ಇದೇ ಕುಟುಂಬದ ಆಕ್ಸೈಡುಗಳ ಮೇಲೆ. ಅವರ ಬಿಎಸ್ಸಿ 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಆಗ ಮೈಸೂರು ವಿವಿಗೆ ಸೇರಿತ್ತು. ಸೋಲಾರ್ ಮಾತು ಶುರುವಾಗುವ ಎಷ್ಟೋ ಮೊದಲೇ ಈ ಹರಳಿನ ನಂಟು ನಮ್ಮ ಕಡೆಗಿತ್ತು ಅನ್ನಲು ಇದನ್ನು ಹೇಳಿದೆ, ಅಷ್ಟೆ.

ಜೋಡಣೆ ಹೇಗಿದೆ? ಬೋರ್ಡ್ ಮೇಲಿನ ಚಿತ್ರ ನೋಡಿ. ಮೂರು ಬಗೆಯ ಅಯಾನುಗಳು, ಅಂದರೆ ಚಾರ್ಜ್ ಇರುವ ಪರಮಾಣು ಅಥವಾ ಅಣುಗಳು: ಎ, ಬಿ, ಎಕ್ಸ್. ಬಿ ನಡುವೆ ಕೂತಿದೆ, ಅದರ ಸುತ್ತ ಆರು ಎಕ್ಸ್. ಇದು ಎಂಟು ಮುಖದ ಆಕಾರ, ಅಷ್ಟಫಲಕ. ಇಂಥ ಅಷ್ಟಫಲಕಗಳು ಮೂಲೆಗೆ ಮೂಲೆ ಸೇರಿಸಿಕೊಂಡು ಮೂರೂ ದಿಕ್ಕಿಗೆ ಹಬ್ಬಿವೆ. ನಡುವೆ ಉಳಿಯುವ ಖಾಲಿ ಜಾಗದಲ್ಲಿ ಎ ಕೂರಬೇಕು. ಸೋಲಾರ್ ವಸ್ತುಗಳಲ್ಲಿ ಸಾಮಾನ್ಯವಾಗಿ ಬಿ ಅಂದರೆ ಲೆಡ್, ಎಕ್ಸ್ ಅಂದರೆ ಅಯೊಡಿನ್ ಅಥವಾ ಬ್ರೋಮಿನ್. ಎ ಜಾಗಕ್ಕೆ ಸೀಸಿಯಂ ಎಂಬ ಲೋಹ (ಸೀಸವಲ್ಲ, ಇದು ಬೇರೆ) ಬರಬಹುದು, ಇಲ್ಲವೇ ಮೀಥೈಲ್ ಅಮೋನಿಯಂ, ಫಾರ್ಮಮಿಡಿನಿಯಂ ಥರದ ಸಣ್ಣ ಸಾವಯವ ಅಯಾನು ಬರಬಹುದು.

ಇದರ ಹಿಂದೆ ಜಗತ್ತು ಯಾಕೆ ಬಿದ್ದಿದೆ ಅಂತ ಬೇಗ ಹೇಳಿ ಮುಂದೆ ಹೋಗುತ್ತೇನೆ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ಅವರ ತಂಡ ಮೊದಲ ಸೆಲ್ ಮಾಡಿದಾಗ ದಕ್ಷತೆ ಶೇ 3.8. ಈಗ ಶೇ 26 ದಾಟಿದೆ. ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಪದರ ಹಾಕಿದ ಜೋಡಿ ಸೆಲ್‌ಗಳು ಪ್ರಯೋಗಾಲಯದಲ್ಲಿ ಶೇ 34 ದಾಟಿವೆ. ಸಿಲಿಕಾನ್ ಕರಗಬೇಕಾದರೆ 1414 ಡಿಗ್ರಿ ಬೇಕು. ಇದನ್ನು ದ್ರಾವಣ ಮಾಡಿ ಗಾಜಿನ ಮೇಲೆ ಬಳಿದು 100-150 ಡಿಗ್ರಿಯಲ್ಲಿ ಒಣಗಿಸಿದರೆ ಆಯಿತು. ಪದರದ ದಪ್ಪ ಒಂದು ಮೈಕ್ರಾನಿಗಿಂತ ಕಡಿಮೆ ಸಾಕು. ಇಷ್ಟೆಲ್ಲ ಇದ್ದೂ ನಿಮ್ಮ ಮನೆ ಮೇಲೆ ಇದು ಯಾಕಿಲ್ಲ? ಬಾಳಿಕೆ ಇಲ್ಲ ಅಂತ. ಸಿಲಿಕಾನ್ ಪ್ಯಾನೆಲ್‌ಗೆ ಕಂಪನಿಗಳು 25 ವರ್ಷದ ವಾರಂಟಿ ಕೊಡುತ್ತವೆ. ಮಾರುಕಟ್ಟೆಗೆ ಬರುವ ಮೊದಲು ಪ್ಯಾನೆಲನ್ನು 85 ಡಿಗ್ರಿ ಬಿಸಿ, ಶೇ 85 ತೇವದಲ್ಲಿ 1000 ಗಂಟೆ ಇಟ್ಟು ಪರೀಕ್ಷೆ ಮಾಡುತ್ತಾರೆ. ಬೇಸಿಗೆಯಲ್ಲಿ ಮಂಡ್ಯದ ತಾರಸಿ ಮೇಲೆ ಪ್ಯಾನೆಲ್ಲಿನ ಮೈ 60 ಡಿಗ್ರಿ ಮುಟ್ಟುವುದು ಸಾಮಾನ್ಯ. ಅದಾಗಿ ಜುಲೈನ ಸೋನೆ ಮಳೆ. ತೇವ ತಾಕಿದರೆ ನಾನು ತೋರಿಸಿದ ಆ ಎರಡೂ ಹಳದಿಗಳು ಇನ್ನೂ ಬೇಗ ಬರುತ್ತವೆ.

ಎ, ಬಿ, ಎಕ್ಸ್ ಜಾಗಕ್ಕೆ ಯಾವ ಯಾವ ಅಯಾನು ಹಾಕಬಹುದು ಅಂತ ಪಟ್ಟಿ ಮಾಡಿದರೆ ಸಾವಿರಗಟ್ಟಲೆ ಆಗುತ್ತದೆ. ಬೆರಕೆಗಳನ್ನೂ ಸೇರಿಸಿದರೆ ಲೆಕ್ಕವೇ ಇಲ್ಲ. ಎಲ್ಲವನ್ನೂ ಮಾಡಿ ನೋಡಲು ಯಾರಿಗೂ ಆಯಸ್ಸು ಸಾಲದು. ಅದಕ್ಕೇ ಮಾಡುವ ಮೊದಲೇ ‘ಇದು ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ’ ಅಂತ ಹೇಳುವ ಲೆಕ್ಕ ಬೇಕು.

ಮೊದಲ ಲೆಕ್ಕ 1926ರದ್ದು. ನಾರ್ವೆಯ ವಿಕ್ಟರ್ ಗೋಲ್ಡ್‌ಸ್ಮಿತ್ ಕೊಟ್ಟಿದ್ದು. ಅಯಾನುಗಳನ್ನು ಗಟ್ಟಿ ಗೋಲಿಗಳು ಅಂತ ಇಟ್ಟುಕೊಳ್ಳಿ. ಎ ಮತ್ತು ಎಕ್ಸ್ ತ್ರಿಜ್ಯಗಳನ್ನು ಕೂಡಿಸಿ. ಬಿ ಮತ್ತು ಎಕ್ಸ್ ತ್ರಿಜ್ಯಗಳನ್ನು ಕೂಡಿಸಿ 2ರ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬರುವ ಸಂಖ್ಯೆಗೆ ಟಾಲರೆನ್ಸ್ ಫ್ಯಾಕ್ಟರ್ ಅಂತ ಹೆಸರು. ಸರಿಯಾಗಿ 1 ಬಂದರೆ ಎ ತನ್ನ ಜಾಗದಲ್ಲಿ ಅಳತೆ ಮಾಡಿ ಕೂರಿಸಿದಂತೆ ಕೂತಿದೆ ಅಂತ ಅರ್ಥ. ತುಂಬಾ ಕಡಿಮೆ ಬಂದರೆ ಎ ಸಣ್ಣದಾಯಿತು, ಅಷ್ಟಫಲಕಗಳು ವಾಲುತ್ತವೆ, ಕೊನೆಗೆ ಕಟ್ಟಡವೇ ಬೇರೆ ಆಗುತ್ತದೆ. 1 ದಾಟಿದರೆ ಎ ದೊಡ್ಡದಾಯಿತು, ಮೂಲೆಗಳ ಹಿಡಿತ ತಪ್ಪುತ್ತದೆ. ಸುಮಾರು 0.8ರಿಂದ 1ರ ನಡುವೆ ಇದ್ದರೆ ಪೆರೋವ್‌ಸ್ಕೈಟ್ ಆಗಬಹುದು ಅನ್ನುವುದು ರೂಢಿಯ ಮಾತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಈ ಗೋಲ್ಡ್‌ಸ್ಮಿತ್ ಯಹೂದಿ. ಜರ್ಮನಿಯಲ್ಲಿ ಪ್ರೊಫೆಸರ್ ಆಗಿದ್ದವರು ನಾಜಿಗಳ ಕಾಲದಲ್ಲಿ ನಾರ್ವೆಗೆ ವಾಪಸ್ ಬಂದರು. ನಾರ್ವೆಯೂ ನಾಜಿಗಳ ಕೈಗೆ ಹೋಯಿತು. 1942ರ ನವೆಂಬರಿನಲ್ಲಿ ಯಹೂದಿಗಳನ್ನು ಹಡಗಿಗೆ ತುಂಬಿ ಆಶ್‌ವಿಟ್ಸ್ ಎಂಬ ನಾಜಿಗಳ ಸಾವಿನ ಶಿಬಿರಕ್ಕೆ ಕಳಿಸುವಾಗ ಇವರನ್ನೂ ಬಂದರಿನವರೆಗೆ ತಂದಿದ್ದರು. ಅಲ್ಲಿ ಕೊನೆ ಗಳಿಗೆಯಲ್ಲಿ ಬಿಟ್ಟರು. ಆಮೇಲೆ ಸ್ವೀಡನ್‌ಗೆ ತಪ್ಪಿಸಿಕೊಂಡು ಹೋದರು. ಸೂತ್ರ ಓದುವಾಗ ನಮಗೆ ಬರೀ ಹೆಸರು ಕಾಣುತ್ತದೆ. ಅದಕ್ಕೆ ಹೇಳಬೇಕು ಅನ್ನಿಸಿತು.

ಸರಿ, ಲೆಕ್ಕಕ್ಕೆ ಬನ್ನಿ. ಫೋನ್ ತೆಗೆದು ಕ್ಯಾಲ್ಕುಲೇಟರ್ ಹಾಕಿ, ಜೊತೆಗೇ ಮಾಡಿ. ಲೆಡ್ 1.19, ಅಯೊಡಿನ್ 2.20, ಎಲ್ಲವೂ ಆಂಗ್‌ಸ್ಟ್ರಾಮ್‌ನಲ್ಲಿ, ಅದು ಪರಮಾಣುಗಳನ್ನು ಅಳೆಯುವ ಪುಟ್ಟ ಅಳತೆ. ಎರಡನ್ನೂ ಕೂಡಿಸಿ 1.414ರಿಂದ ಗುಣಿಸಿದರೆ 4.79. ಸೀಸಿಯಂ 1.88. ಅದಕ್ಕೆ 2.20 ಸೇರಿಸಿದರೆ 4.08. ಭಾಗಿಸಿ: 0.851. ಮೀಥೈಲ್ ಅಮೋನಿಯಂ 2.17 ಅಂತ ಹಿಡಿದರೆ 0.912. ಫಾರ್ಮಮಿಡಿನಿಯಂ 2.53, ಅದಕ್ಕೆ 0.987.

0.987! ಇದಕ್ಕಿಂತ ಒಳ್ಳೆ ಅಂಕ ಬೇಕಾ? ಮೂರರಲ್ಲಿ ಇದೇ ಅತಿ ಗಟ್ಟಿ ಇರಬೇಕಲ್ವಾ? ಆದರೆ ನನ್ನ ಎಡಗೈಯಲ್ಲಿದ್ದ ಹಳದಿ ಇದೇ. ಕೋಣೆಯ ಉಷ್ಣತೆಯಲ್ಲಿ ಸುಮ್ನೆ ಇಟ್ಟರೂ ಕಪ್ಪು ಕಳೆದುಕೊಳ್ಳುವ ವಸ್ತು.

ಯಾಕೆ ಹೀಗಾಯಿತು? ಸೂತ್ರ ಕೇಳುವುದು ‘ಎ ಆ ಜಾಗದಲ್ಲಿ ಹಿಡಿಸುತ್ತದಾ’ ಅಂತ ಮಾತ್ರ. ಹಿಡಿಸುತ್ತದೆ, ಸೂತ್ರ ಸುಳ್ಳು ಹೇಳಲಿಲ್ಲ. ಆದರೆ ಅದೇ ಪರಮಾಣುಗಳಿಗೆ ಕೂರಲು ಇನ್ನೊಂದು ರೀತಿಯೂ ಇದೆ. ಅಷ್ಟಫಲಕಗಳು ಮೂಲೆ ಬಿಟ್ಟು ಮುಖಕ್ಕೆ ಮುಖ ಅಂಟಿಸಿಕೊಂಡು ಸರಪಳಿಯಾಗುವ ರೀತಿ. ಅದೇ ಹಳದಿ. ಆ ಎದುರಾಳಿಯ ಸುದ್ದಿ ಗೋಲ್ಡ್‌ಸ್ಮಿತ್ ಸೂತ್ರದಲ್ಲಿ ಎಲ್ಲೂ ಇಲ್ಲ. ಉಷ್ಣತೆಯ ಸುದ್ದಿಯೂ ಇಲ್ಲ. ಫಾರ್ಮಮಿಡಿನಿಯಂ ಉರುಟಾದ ಗೋಲಿಯೂ ಅಲ್ಲ. ಬಿಸಿಯಲ್ಲಿ ಅದು ತನ್ನ ಜಾಗದಲ್ಲಿ ಬೇಕಾದ ಹಾಗೆ ಹೊರಳಾಡುತ್ತದೆ. ಆ ಹೊರಳಾಟದಿಂದ ಸಿಗುವ ಎಂಟ್ರೊಪಿಯೇ, ಅಂದರೆ ಎಷ್ಟು ರೀತಿಯಲ್ಲಿ ಇರಬಹುದು ಎಂಬ ಸಡಿಲತೆಯ ಅಳತೆಯೇ, ಕಪ್ಪು ರೂಪವನ್ನು ಎತ್ತಿ ಹಿಡಿಯುವುದು. ತಣ್ಣಗಾದರೆ ಆ ಆಸರೆ ಕಡಿಮೆಯಾಗುತ್ತದೆ, ಹಳದಿ ಗೆಲ್ಲುತ್ತದೆ.

ಈಗ ಸೀಸಿಯಂ ಕಡೆ ಬನ್ನಿ. ಇದು ನನಗೆ ತುಂಬಾ ಇಷ್ಟವಾದ ಜೋಡಿ. ಸೀಸಿಯಂ ಲೆಡ್ ಅಯೊಡೈಡ್‌ಗೆ 0.851 ಬಂತು. ಅಯೊಡಿನ್ ತೆಗೆದು ಬ್ರೋಮಿನ್ ಹಾಕಿ, ತ್ರಿಜ್ಯ 1.96. ಲೆಕ್ಕ ಮಾಡಿದರೆ 0.862. ವ್ಯತ್ಯಾಸ ನೂರರಲ್ಲಿ ಒಂದು. ಆದರೆ ಬ್ರೋಮೈಡ್ ಕೋಣೆಯ ಉಷ್ಣತೆಯಲ್ಲಿ ಪೆರೋವ್‌ಸ್ಕೈಟ್ ಆಗಿಯೇ ಆರಾಮಾಗಿ ಇರುತ್ತದೆ. ಅಯೊಡೈಡ್ ಇರುವುದಿಲ್ಲ. 300 ಡಿಗ್ರಿ ದಾಟಿಸಿದರೆ ಮಾತ್ರ ಕಪ್ಪು ರೂಪಕ್ಕೆ ಬರುತ್ತದೆ. ತಣ್ಣಗಾಗಿ ತೇವ ಸೋಕಿದರೆ ಹಳದಿ. ಹಳೆ ಸೂತ್ರಕ್ಕೆ ಇವೆರಡರ ನಡುವಿನ ಗೆರೆ ಕಾಣುವುದೇ ಇಲ್ಲ.

2019ರಲ್ಲಿ ಕ್ರಿಸ್ಟೋಫರ್ ಬಾರ್ಟೆಲ್ ಮತ್ತು ಸಂಗಡಿಗರು ಹೊಸ ಸೂತ್ರವೊಂದನ್ನು ಪ್ರಕಟಿಸಿದರು. ಇದನ್ನು ಕೂತು ಯೋಚಿಸಿ ಬರೆದದ್ದಲ್ಲ. ತ್ರಿಜ್ಯ, ಚಾರ್ಜ್ ಇವನ್ನು ಬೇರೆ ಬೇರೆ ರೀತಿ ಕೂಡಿಸಿ, ಗುಣಿಸಿ, ಲಾಗರಿದಮ್ ಹಾಕಿ ಕೋಟಿಗಟ್ಟಲೆ ಸೂತ್ರಗಳನ್ನು ಕಂಪ್ಯೂಟರ್ ಕೈಲಿ ತಯಾರಿಸಿ, ಪ್ರಯೋಗದಲ್ಲಿ ಈಗಾಗಲೇ ಗೊತ್ತಿದ್ದ 576 ವಸ್ತುಗಳ ಮೇಲೆ ಯಾವುದು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಆರಿಸಿದರು. ಹಳೆ ಸೂತ್ರ ಇವುಗಳಲ್ಲಿ ಶೇ 74ರಷ್ಟು ಸರಿ ಹೇಳಿದರೆ ಹೊಸದು ಶೇ 92. ಹೊಸ ಸಂಖ್ಯೆಗೆ ಟೌ ಅಂತ ಹೆಸರು. 4.18ಕ್ಕಿಂತ ಕಡಿಮೆ ಬಂದರೆ ಪೆರೋವ್‌ಸ್ಕೈಟ್.

ನಮ್ಮ ಜೋಡಿಗೆ ಹಾಕಿ ನೋಡೋಣ. ಸೂತ್ರದಲ್ಲಿ ಎರಡು ಭಾಗ. ಮೊದಲ ಭಾಗ ಎಕ್ಸ್ ತ್ರಿಜ್ಯವನ್ನು ಬಿ ತ್ರಿಜ್ಯದಿಂದ ಭಾಗಿಸಿದ್ದು. ಎರಡನೇ ಭಾಗದಲ್ಲಿ ಎ ಮತ್ತು ಬಿ ಮಾತ್ರ ಬರುತ್ತವೆ. ಎರಡರಲ್ಲೂ ಸೀಸಿಯಂ, ಲೆಡ್ ಅವೇ ಆದ್ದರಿಂದ ಎರಡನೇ ಭಾಗ ಎರಡಕ್ಕೂ ಒಂದೇ: 2.455. ಅಯೊಡೈಡ್‌ಗೆ ಮೊದಲ ಭಾಗ 2.20 ಭಾಗಿಸು 1.19, ಅಂದರೆ 1.85. ಒಟ್ಟು 4.30. ಗೆರೆಯಿಂದ ಆಚೆ. ಬ್ರೋಮೈಡ್‌ಗೆ 1.96 ಭಾಗಿಸು 1.19, ಅಂದರೆ 1.65. ಒಟ್ಟು 4.10. ಗೆರೆಯಿಂದ ಈಚೆ. ಗೋಲ್ಡ್‌ಸ್ಮಿತ್ ಬಿಡಿಸಲಾಗದ ಜೋಡಿಯನ್ನು ಇದು ಬಿಡಿಸಿತು. ನನಗಂತೂ ಇದನ್ನು ಮೊದಲ ಸಲ ಮಾಡಿದಾಗ ಖುಷಿಯಾಗಿತ್ತು.

ಹಾಗಂತ ಪೂರ್ತಿ ನಂಬಬೇಡಿ. ಇದೇ ಸೂತ್ರಕ್ಕೆ ಫಾರ್ಮಮಿಡಿನಿಯಂ ಹಾಕಿ. 3.67 ಬರುತ್ತದೆ. ಪೆರೋವ್‌ಸ್ಕೈಟ್ ಅಂತ ಧೈರ್ಯವಾಗಿ ಹೇಳುತ್ತದೆ. ಎಡಗೈಯ ಹಳದಿ ಇದಕ್ಕೂ ಕಾಣಲಿಲ್ಲ.

ಇನ್ನೊಂದು ಎಚ್ಚರ. ಈ ತ್ರಿಜ್ಯಗಳು ಎಲ್ಲಿಂದ ಬಂದವು? ನಾವೆಲ್ಲ ಬಳಸುವ ಶಾನನ್ ಪಟ್ಟಿ 1976ರದ್ದು. ಅದರ ಆಧಾರ ಹೆಚ್ಚಾಗಿ ಆಕ್ಸೈಡ್, ಫ್ಲೋರೈಡ್‌ಗಳು. ಅಯೊಡಿನ್ ಜೊತೆ ಲೆಡ್ ಎಲೆಕ್ಟ್ರಾನ್ ಹಂಚಿಕೊಳ್ಳುವುದು ಜಾಸ್ತಿ, ಅದನ್ನು ಅಷ್ಟೇ ದೊಡ್ಡ ಗೋಲಿ ಅಂತ ಹಿಡಿಯುವುದು ಸರಿಯಲ್ಲ ಎಂಬ ವಾದ ಇದೆ. 1.19ರ ಬದಲು 1.03 ಹಾಕಿ ನೋಡಿ. ಸೀಸಿಯಂ ಲೆಡ್ ಅಯೊಡೈಡ್‌ನ 0.851 ಹೋಗಿ 0.893 ಆಗುತ್ತದೆ. ಮೂರನೇ ದಶಮಾಂಶದವರೆಗೆ ಬರೆದು ಬೀಗುವ ಮುಂಚೆ ಇದು ನೆನಪಿರಲಿ.

ಸೂತ್ರ ಬಿಟ್ಟು ಇನ್ನೂ ಆಳಕ್ಕೆ ಹೋಗುವ ದಾರಿ ಶಕ್ತಿಯ ಲೆಕ್ಕ. ಕ್ವಾಂಟಂ ಸಿದ್ಧಾಂತದ ಆಧಾರದ ಮೇಲೆ, ಡಿಎಫ್‌ಟಿ ಎಂಬ ವಿಧಾನದಲ್ಲಿ, ಒಂದು ಹರಳಿನ ಶಕ್ತಿ ಎಷ್ಟು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆಮೇಲೆ ಅದೇ ಮೂಲವಸ್ತುಗಳಿಂದ ಆಗಬಹುದಾದ ಬೇರೆ ಎಲ್ಲ ವಸ್ತುಗಳ ಶಕ್ತಿಯ ಜೊತೆ ಹೋಲಿಸುತ್ತೇವೆ. ಸೀಸಿಯಂ ಲೆಡ್ ಅಯೊಡೈಡ್ ಆದರೆ ಒಂದು ಕಡೆ ಅದು, ಇನ್ನೊಂದು ಕಡೆ ಸೀಸಿಯಂ ಅಯೊಡೈಡ್ ಮತ್ತು ಲೆಡ್ ಅಯೊಡೈಡ್ ಬೇರೆ ಬೇರೆಯಾಗಿ. ಯಾರ ಶಕ್ತಿ ಕೆಳಗಿದೆಯೋ ಅವರು ಗೆದ್ದರು. ನಮ್ಮ ವಸ್ತು ಗೆದ್ದವರಿಗಿಂತ ಎಷ್ಟು ಮೇಲಿದೆ ಎಂಬುದನ್ನು ಪರಮಾಣುವಿಗೆ ಇಷ್ಟು ಮಿಲಿ ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ತೀರಾ ಸಣ್ಣ ಅಳತೆ) ಅಂತ ಬರೆಯುತ್ತೇವೆ. ಸೊನ್ನೆ ಬಂದರೆ ಸ್ಥಿರ. ಸ್ವಲ್ಪ ಮೇಲಿದ್ದರೆ ಹೇಗೋ ಉಳಿದುಕೊಳ್ಳಬಹುದು. ಕೋಣೆಯ ಉಷ್ಣತೆಯ ಶಾಖವೇ ಸುಮಾರು 25 ಮಿಲಿ ಎಲೆಕ್ಟ್ರಾನ್ ವೋಲ್ಟ್‌ಗೆ ಸಮ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಇಲ್ಲಿ ನಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ, ಯಾವುದರ ಎದುರು ಅಂತ ಎದುರಾಳಿಯ ಹೆಸರು ಬರೆದೇ ಲೆಕ್ಕ ಮಾಡುತ್ತೇವೆ. ತೊಂದರೆ ಏನೆಂದರೆ, ಎದುರಾಳಿಗಳ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದರೂ ಸೋಲಬೇಕಾದವನು ಗೆದ್ದಂತೆ ಕಾಣುತ್ತಾನೆ. ಫಾರ್ಮಮಿಡಿನಿಯಂನ ಹಳದಿ ರೂಪವನ್ನು ಪಟ್ಟಿಗೆ ಸೇರಿಸದೇ ಹೋದರೆ ಕಪ್ಪು ಎಷ್ಟು ಚೆಂದ ಅನ್ನಿಸುತ್ತದೆ! ಮೇಲಾಗಿ ಈ ಲೆಕ್ಕಗಳಲ್ಲಿ ಬಹುಪಾಲು ಸೊನ್ನೆ ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 273 ಡಿಗ್ರಿಯಲ್ಲಿ ಮಾಡಿದ್ದು. ಅಲ್ಲಿ ಹೊರಳಾಟವೂ ಇಲ್ಲ, ಎಂಟ್ರೊಪಿಯೂ ಇಲ್ಲ.

ಎದುರಾಳಿಯನ್ನು ನೋಡುವ ಅಭ್ಯಾಸ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಒಂದು ಉದಾಹರಣೆ. ಸೀಸಿಯಂ ಒಂದೇ ಹಾಕಿದರೂ ಹಳದಿ, ಫಾರ್ಮಮಿಡಿನಿಯಂ ಒಂದೇ ಹಾಕಿದರೂ ಹಳದಿ. ಎರಡನ್ನೂ ಬೆರೆಸಿದರೆ? ನೂರಕ್ಕೆ 83 ಭಾಗ ಫಾರ್ಮಮಿಡಿನಿಯಂ, 17 ಭಾಗ ಸೀಸಿಯಂ. ಕೋಣೆಯ ಉಷ್ಣತೆಯಲ್ಲೇ ಕಪ್ಪು ಉಳಿಯುತ್ತದೆ! ಎರಡು ಸೋತ ವಸ್ತು ಸೇರಿ ಗೆದ್ದವು. ಸರಾಸರಿ ತೆಗೆದರೆ ಟಾಲರೆನ್ಸ್ ಫ್ಯಾಕ್ಟರ್ 0.964. ಸೂತ್ರ ಹಿಡಿದು ಕೂತವರು ‘0.987ರಿಂದ ಸ್ವಲ್ಪ ಇಳಿದಿದ್ದು ಒಳ್ಳೆಯದಾಯಿತು’ ಅನ್ನುತ್ತಾರೆ. ಅದೂ ನಿಜವೇ. ಆದರೆ ಹಳದಿಗಳನ್ನು ನೋಡಿ. ಫಾರ್ಮಮಿಡಿನಿಯಂನ ಹಳದಿಯಲ್ಲಿ ಅಷ್ಟಫಲಕಗಳು ಮುಖ ಹಂಚಿಕೊಳ್ಳುತ್ತವೆ. ಸೀಸಿಯಂನ ಹಳದಿಯಲ್ಲಿ ಅಂಚು ಹಂಚಿಕೊಳ್ಳುತ್ತವೆ. ಎರಡು ಹಳದಿಗಳಿಗೆ ಒಂದಕ್ಕೊಂದು ಹೊಂದಿಕೆಯೇ ಇಲ್ಲ. ಕಪ್ಪು ರೂಪದಲ್ಲಿ ಎರಡೂ ಸಲೀಸಾಗಿ ಬೆರೆಯುತ್ತವೆ, ಹಳದಿಯಲ್ಲಿ ಬೆರೆಯಲು ಒದ್ದಾಡುತ್ತವೆ. ಬೆರಕೆಯಿಂದ ಎಂಟ್ರೊಪಿಯ ಲಾಭವೂ ಸಿಗುತ್ತದೆ. ಹೀಗೆ ಕಪ್ಪು ಗಟ್ಟಿಯಾಗಿದ್ದರ ಜೊತೆಗೆ ಹಳದಿ ಸೊರಗಿದ್ದೂ ಕಾರಣ. 2016ರ ಹೊತ್ತಿಗೆ ಈ ಬೆರಕೆ ದಾರಿ ಹಿಡಿದ ಮೇಲೆ ಕ್ಷೇತ್ರದ ಚಹರೆಯೇ ಬದಲಾಯಿತು. ಇವತ್ತಿನ ಒಳ್ಳೆಯ ಸೆಲ್‌ಗಳಲ್ಲಿ ಬಹುಪಾಲು ಯಾವುದೋ ಒಂದು ಬೆರಕೆಯೇ ಇರುತ್ತದೆ.

ಈಗ ಎಲ್ಲರೂ ಕೇಳುವ ಮೆಷಿನ್ ಲರ್ನಿಂಗ್. ಸಾವಿರಾರು ವಸ್ತುಗಳ ಡಿಎಫ್‌ಟಿ ಫಲಿತಾಂಶ ಉಣಿಸಿದರೆ, ಹೊಸ ವಸ್ತುವಿಗೆ ಗಂಟೆಗಟ್ಟಲೆ ಹಿಡಿಯುವ ಉತ್ತರವನ್ನು ಅದು ಕ್ಷಣದಲ್ಲಿ ಕೊಡುತ್ತದೆ. ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ‘ನಮ್ಮ ಮಾಡೆಲ್ ಶೇ 95 ಸರಿ’ ಎಂಬ ಮಾತು ಕೇಳಿದಾಗ ಒಂದು ವಿಷಯ ಕೇಳಿ. ಕಲಿಸಲು ಕೊಟ್ಟದ್ದು ಯಾವುದು, ಪರೀಕ್ಷೆಗೆ ಇಟ್ಟದ್ದು ಯಾವುದು? ಪಟ್ಟಿಯನ್ನು ಸುಮ್ನೆ ಕಲಸಿ ಎರಡು ಪಾಲು ಮಾಡಿದರೆ, ಸೀಸಿಯಂ ಲೆಡ್ ಬ್ರೋಮೈಡ್ ಕಲಿಕೆಯಲ್ಲಿ, ಅದರ ಅಣ್ಣತಮ್ಮಂದಿರು ಪರೀಕ್ಷೆಯಲ್ಲಿ ಬಂದಿರುತ್ತಾರೆ. ಪ್ರಶ್ನೆಪತ್ರಿಕೆ ಸೋರಿದ ಮೇಲೆ ರ್‍ಯಾಂಕ್ ಬಂದರೆ ಏನು ಬಂತು? ಒಂದು ಧಾತುವಿನ ಇಡೀ ಕುಟುಂಬವನ್ನೇ ಕಲಿಕೆಯಿಂದ ಹೊರಗಿಟ್ಟು ಆಮೇಲೆ ಕೇಳಿ. ಆಗ ಬರುವ ಅಂಕವೇ ನಿಜವಾದದ್ದು, ಅದು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ.

ಇನ್ನೂ ದೊಡ್ಡ ಕೊರತೆ ಬೇರೆ ಇದೆ. ಪ್ರಯೋಗ ಮಾಡಿ ಪೆರೋವ್‌ಸ್ಕೈಟ್ ಆಗದೇ ಹೋದದ್ದನ್ನು ಯಾರೂ ಬರೆಯುವುದಿಲ್ಲ. ಗೆದ್ದವರ ಕತೆ ಮಾತ್ರ ಓದಿದ ಯಂತ್ರಕ್ಕೆ ಸೋಲು ಹೇಗಿರುತ್ತದೆ ಅಂತ ಹೇಗೆ ಗೊತ್ತಾಗಬೇಕು? ಲ್ಯಾಬ್‌ನಲ್ಲಿರುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೇ, ಕೆಟ್ಟುಹೋದ ಸ್ಯಾಂಪಲ್‌ನ ಎಕ್ಸ್‌ರೇ ಚಿತ್ರವನ್ನೂ ಎತ್ತಿಡಿ. ಎಷ್ಟು ತೇವ ಇತ್ತು, ಎಷ್ಟು ಬಿಸಿ ಮಾಡಿದಿರಿ, ಬರೆದಿಡಿ.

ರಚನೆಯ ಸ್ಥಿರತೆ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಿತಾ? ಇಲ್ಲ. ಅಯೊಡಿನ್ ಮತ್ತು ಬ್ರೋಮಿನ್ ಬೆರೆಸಿದ ಹರಳು ಕತ್ತಲಲ್ಲಿ ಚೆನ್ನಾಗಿರುತ್ತದೆ. ಬೆಳಕು ಬಿದ್ದರೆ ಅಯೊಡಿನ್ ಒಂದು ಕಡೆ, ಬ್ರೋಮಿನ್ ಒಂದು ಕಡೆ ಗುಂಪು ಕಟ್ಟಲು ಶುರು ಮಾಡುತ್ತವೆ. ಬೆಳಕು ತೆಗೆದರೆ ಮತ್ತೆ ಬೆರೆಯುತ್ತವೆ. ಎರಿಕ್ ಹೋಕ್ ಮತ್ತು ಸಂಗಡಿಗರು 2015ರಲ್ಲಿ ಇದನ್ನು ತೋರಿಸಿದರು. ಬಿಸಿಲಿಗೆ ಅಂತಲೇ ಮಾಡುವ ವಸ್ತು ಬಿಸಿಲಿನ ಎದುರೇ ನಿಲ್ಲುವುದಿಲ್ಲ ಅಂದರೆ! ತ್ರಿಜ್ಯದ ಯಾವ ಸೂತ್ರದಲ್ಲೂ ಬೆಳಕಿಗೆ ಜಾಗ ಇಲ್ಲ. ಇನ್ನು ಕೆಲವು ಹರಳುಗಳು ಬಹಳ ಗಟ್ಟಿ, ಆದರೆ ಕೆಲಸಕ್ಕೆ ಬಾರವು. ಸೀಸಿಯಂ, ಬೆಳ್ಳಿ, ಬಿಸ್ಮತ್, ಬ್ರೋಮಿನ್ ಸೇರಿದ ಜೋಡಿ ಪೆರೋವ್‌ಸ್ಕೈಟ್ ಒಂದಿದೆ. ಲೆಡ್ ಇಲ್ಲ, ಬಿಸಿ ತಡೆಯುತ್ತದೆ. ಆದರೆ ಅದರ ಬ್ಯಾಂಡ್ ಗ್ಯಾಪ್, ಅಂದರೆ ಬೆಳಕು ಹೀರಲು ಬೇಕಾದ ಕನಿಷ್ಠ ಶಕ್ತಿ, 2 ಎಲೆಕ್ಟ್ರಾನ್ ವೋಲ್ಟ್ ಆಸುಪಾಸು. ಒಂಟಿ ಸೆಲ್‌ಗೆ 1.3ರಿಂದ 1.4 ಇದ್ದರೆ ಒಳ್ಳೆಯದು. ಬಿಸಿಲಿನ ದೊಡ್ಡ ಪಾಲು ಅದರ ಮೂಲಕ ಹಾಗೇ ದಾಟಿಹೋಗುತ್ತದೆ.

ಪ್ರಶ್ನೆಗಳಿಗೆ ಬರೋಣ.

ಪಾಂಡವಪುರದ ಕಡೆಯಿಂದ ಬಂದವರೊಬ್ಬರು ಕೇಳಿದರು: ‘ಸಾರ್, ಬೋರ್‌ವೆಲ್‌ಗೆ ಸೋಲಾರ್ ಪಂಪ್ ಹಾಕಿಸ್ಬೇಕು ಅಂತಿದೀನಿ. ಇದು ಬರೋ ತನಕ ಕಾಯೋದಾ?’ ಕಾಯಬೇಡಿ, ಯಜಮಾನರೇ. ಈಗಿರುವ ಸಿಲಿಕಾನ್ ಪ್ಯಾನೆಲ್ ಹಾಕಿಸಿ. ಪಿಎಂ ಕುಸುಮ್ ಯೋಜನೆಯಲ್ಲಿ ಸಬ್ಸಿಡಿ ಸಿಗುತ್ತದಾ ಅಂತ ವಿಚಾರಿಸಿ. ಪೆರೋವ್‌ಸ್ಕೈಟ್ ಮೊದಲು ಬರುವುದೂ ಸಿಲಿಕಾನ್ ಬೆನ್ನ ಮೇಲೇ, ಜೋಡಿ ಸೆಲ್ ಆಗಿ.

‘ಪ್ಯಾನೆಲ್ ಒಡೆದರೆ ಲೆಡ್ ಗದ್ದೆಗೆ ಇಳಿಯುವುದಿಲ್ಲವೇ?’ ಒಳ್ಳೆಯ ಪ್ರಶ್ನೆ. ಅರ್ಧ ಮೈಕ್ರಾನ್ ದಪ್ಪದ ಪದರ ಅಂದರೆ ಚದರ ಮೀಟರಿಗೆ ಲೆಡ್ ಒಂದು ಗ್ರಾಮಿಗಿಂತ ಕಡಿಮೆ. ಪ್ರಮಾಣ ಸಣ್ಣದು, ಆದರೆ ನೀರಿನಲ್ಲಿ ಅಷ್ಟಿಷ್ಟು ಕರಗುವ ರೂಪದ್ದು. ಹಾಗಾಗಿ ತಳ್ಳಿಹಾಕುವಂತಿಲ್ಲ. ಒಡೆದರೂ ಲೆಡ್ ಹಿಡಿದಿಡುವ ಪದರಗಳ ಮೇಲೆ ಕೆಲಸ ನಡೆಯುತ್ತಿದೆ. ಲೆಡ್ ಬದಲು ತವರ ಹಾಕಬಹುದು, ಅಳತೆಯಲ್ಲಿ ಹಿಡಿಸುತ್ತದೆ. ಆದರೆ ಗಾಳಿ ಸೋಕಿದರೆ ತವರ ಎರಡು ಚಾರ್ಜ್‌ನಿಂದ ನಾಲ್ಕಕ್ಕೆ ಹಾರುತ್ತದೆ. ತ್ರಿಜ್ಯದ ಎದುರು ಗೆದ್ದು ಆಮ್ಲಜನಕದ ಎದುರು ಸೋಲುತ್ತದೆ.

ಕೊನೆಗೆ ಎಂಎಸ್ಸಿ ವಿದ್ಯಾರ್ಥಿನಿಯೊಬ್ಬರು, ‘ನಮ್ಮ ಹತ್ತಿರ ಲ್ಯಾಬ್ ಇಲ್ಲ, ಲ್ಯಾಪ್‌ಟಾಪ್ ಮಾತ್ರ ಇದೆ. ಪ್ರಾಜೆಕ್ಟ್ ಏನು ಮಾಡಬಹುದು?’ ಅಂದರು. ನಾನು ಹೇಳಿದ 576 ವಸ್ತುಗಳ ಪಟ್ಟಿ 2019ರ ಆ ಪ್ರಬಂಧದ ಜೊತೆಗೇ ಪ್ರಕಟವಾಗಿದೆ, ದುಡ್ಡು ಕೊಡಬೇಕಾಗಿಲ್ಲ. ಎಕ್ಸೆಲ್ ಶೀಟ್‌ನಲ್ಲಿ ಎರಡೂ ಸೂತ್ರ ಹಾಕಿ. ತ್ರಿಜ್ಯಗಳನ್ನು ಶೇ 5ರಷ್ಟು ಹೆಚ್ಚುಕಡಿಮೆ ಮಾಡಿ. ಎಷ್ಟು ವಸ್ತುಗಳು ಗೆರೆಯ ಆಚೆಯಿಂದ ಈಚೆಗೆ ಹಾರುತ್ತವೆ ಅಂತ ಎಣಿಸಿ. ಹಾರಿದವರಲ್ಲಿ ಅಯೊಡೈಡ್‌ಗಳು ಎಷ್ಟು, ಆಕ್ಸೈಡ್‌ಗಳು ಎಷ್ಟು ಅಂತ ಬೇರೆ ಮಾಡಿ. ಉತ್ತರ ಬಂದರೆ ನನಗೂ ಕಳಿಸಿ.